ಹದಿನಾರು ಜನಕ್ಕೆ ಏಳು ಬಾಟಲಿ ಶಾಂಪೇನ್

ಪ್ಯಾರಿಸ್ ಪಕ್ಕದ ಊರಿಗೆ ಬಂದ ಮೊದಲ ಡಿಸೆಂಬರ್‌ನಲ್ಲಿ, ವರ್ಷದ ಕೊನೆಯ ರಾತ್ರಿಯ ಊಟಕ್ಕೆ ಅಂತ ನಾಲ್ಕು ಬಾಟಲಿ ಶಾಂಪೇನ್ ತಂದಿದ್ದೆವು. ಅಂಗಡಿಯಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಕುತ್ತಿಗೆಗೆ ಚಿನ್ನದ ಕಾಗದ, ನೋಡಲು ಚೆಂದ. ಕುಡಿದರೆ ಎಳೆ ಹುಣಸೆಕಾಯಿ ಕಚ್ಚಿದ ಹಾಗೆ ಹುಳಿ. ಬಂದವರು ಮರ್ಯಾದೆಗೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನನಗೆ ತುಂಬಾ ಬೇಜಾರಾಯಿತು. ಮನೆಗೆ ಕರೆದವರಿಗೆ ಕೊಡುವುದು ಚೆನ್ನಾಗಿರಬೇಕು, ಅಲ್ವಾ?

ಹಾಗಂತ ಶಾಂಪೇನ್ ಮಾಡುವ ಹೆಸರುವಾಸಿ ಮನೆತನದ ಬಾಟಲಿಗೆ 45, 50 ಯೂರೋ ಕೊಡುವಷ್ಟು ನಮ್ಮ ಕೈ ದೊಡ್ಡದಲ್ಲ. 20ರಿಂದ 28 ಯೂರೋ ಒಳಗೆ ಒಳ್ಳೆಯದು ಸಿಗಬೇಕು, ಅದನ್ನು ಹುಡುಕುವುದು ಹೇಗೆ ಅಂತ ಕಲಿಯಬೇಕು ಎಂದು ಆಗಲೇ ನಿರ್ಧರಿಸಿದೆ. ಈಗ ನಾಲ್ಕು ವರ್ಷದಿಂದ ಅದೇ ಬೆಲೆಯಲ್ಲೇ ನಡೆಯುತ್ತಿದೆ.

ಈ ಬೆಲೆಗೆ ಸಿಗುವುದು ಹೆಚ್ಚಾಗಿ ನಾನ್-ವಿಂಟೇಜ್. ಅಂದರೆ ಬಾಟಲಿಯ ಚೀಟಿಯ ಮೇಲೆ ಬೆಳೆಯ ವರ್ಷ ಇರುವುದಿಲ್ಲ. ಶಾಂಪೇನ್ ಸೀಮೆ ಫ್ರಾನ್ಸ್‌ನ ಉತ್ತರದಲ್ಲಿದೆ, ಅಲ್ಲಿ ಚಳಿ ಜಾಸ್ತಿ. ಒಂದು ವರ್ಷ ದ್ರಾಕ್ಷಿ ಚೆನ್ನಾಗಿ ಹಣ್ಣಾದರೆ ಇನ್ನೊಂದು ವರ್ಷ ಆಗುವುದಿಲ್ಲ. ಅದಕ್ಕೆ ಹಿಂದಿನ ವರ್ಷಗಳ ವೈನ್ ಸ್ವಲ್ಪ ಎತ್ತಿಟ್ಟುಕೊಂಡು, ಹೊಸದರ ಜೊತೆ ಬೆರೆಸುತ್ತಾರೆ. ನಮ್ಮೂರ ಕಾಫಿಪುಡಿ ಅಂಗಡಿಯವರು ಪ್ಲಾಂಟೇಶನ್ ಬೀಜ, ಪೀಬೆರಿ, ಚಿಕೋರಿ ಲೆಕ್ಕ ಹಾಕಿ ಬೆರೆಸಿ, ವರ್ಷವಿಡೀ ಒಂದೇ ರುಚಿ ಕೊಡುತ್ತಾರಲ್ಲ, ಹಾಗೆಯೇ. ಆದ್ದರಿಂದ ವರ್ಷ ಇಲ್ಲದ್ದು ಕಡಿಮೆ ದರ್ಜೆ ಅಂತ ಅಂದುಕೊಳ್ಳಬೇಡಿ. ಬೆರೆಸುವವರ ಕೈ ಎಷ್ಟು ಚೆನ್ನಾಗಿದೆ ಅನ್ನುವುದೇ ಇದರಲ್ಲಿ ಕಾಣುವುದು.

ಮೊದಲ ವರ್ಷದ ಆ ಹುಳಿಗೆ ಕಾರಣ ಗೊತ್ತಾಗಿದ್ದು ಶಾಂಪೇನ್ ಸೀಮೆಯ ಎಪರ್ನೇ ಪಟ್ಟಣಕ್ಕೆ ಹೋದಾಗ. ಪ್ಯಾರಿಸ್‌ನ ಗಾರ್ ದ ಲೆಸ್ಟ್ ನಿಲ್ದಾಣದಿಂದ ರೈಲು ಹತ್ತಿದರೆ ಒಂದೂಕಾಲು ಗಂಟೆಯ ಆಸುಪಾಸು. ಅಲ್ಲಿನ ಅವೆನ್ಯೂ ದ ಶಾಂಪೇನ್ ರಸ್ತೆಯ ದೊಡ್ಡ ಮನೆತನಗಳನ್ನು ಹೊರಗಿನಿಂದ ನೋಡಿಕೊಂಡು, ಮಾರ್ನ್ ಕಣಿವೆಯ ಒಂದು ಹಳ್ಳಿಗೆ ಹೋದೆವು. ತಾವೇ ದ್ರಾಕ್ಷಿ ಬೆಳೆದು ತಾವೇ ಶಾಂಪೇನ್ ಮಾಡುವ ಸಂಸಾರ ಅದು. ಆ ಮನೆಯ ಹಿರಿಯಾಕೆ ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಮಲಗಿಸಿಟ್ಟ ಬಾಟಲಿಯೊಂದನ್ನು ದೀಪಕ್ಕೆ ಹಿಡಿದು ತೋರಿಸಿದರು. ಶಾಂಪೇನ್ ಬಾಟಲಿಯಲ್ಲೇ ಎರಡನೇ ಸಲ ಹುದುಗುತ್ತದೆ, ಆಗ ಒಳಗೆ ಉಳಿಯುವುದು ಯೀಸ್ಟ್‌ನ ಗಸಿ. ಕಾನೂನಿನ ಪ್ರಕಾರ ನಾನ್-ವಿಂಟೇಜ್ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿರಬೇಕು, ಅದರಲ್ಲಿ 12 ತಿಂಗಳು ಗಸಿಯ ಜೊತೆಗೇ. ಅವರು ಇಡುವುದು 30 ತಿಂಗಳು. ಬ್ರೆಡ್ ಸುಟ್ಟಂಥ ಪರಿಮಳ, ನಾಲಿಗೆಗೆ ಹಿತವಾಗುವ ಮೃದುತನ, ಎಲ್ಲ ಬರುವುದು ಆ ಗಸಿಯಿಂದ. ಕಾಯಲು ದುಡ್ಡು, ಜಾಗ ಎರಡೂ ಬೇಕು. ತೀರಾ ಅಗ್ಗದ ಬಾಟಲಿಯಲ್ಲಿ ಹೆಚ್ಚಾಗಿ ಉಳಿತಾಯ ಆಗುವುದು ಈ ಕಾಯುವುದರಲ್ಲೇ.

ಅಂದಿನಿಂದ ಬಾಟಲಿಯ ಮುಂಭಾಗ ನೋಡುವುದು ಬಿಟ್ಟು ಹಿಂಭಾಗ ಓದುತ್ತೇನೆ. ಕೊನೆಯ ಬಿರಡೆ ಹಾಕುವ ಮೊದಲು ಗಸಿ ತೆಗೆಯುವುದಕ್ಕೆ ದೆಗೊರ್ಜ್‌ಮಾಂ ಅನ್ನುತ್ತಾರೆ. ಕೆಲವರು ಆ ತಾರೀಖನ್ನು ಹಿಂದೆ ಅಚ್ಚು ಹಾಕಿರುತ್ತಾರೆ. ಕೆಲವರು ಬಾಟಲಿಗೆ ತುಂಬಿದ ತಾರೀಖನ್ನೂ ಹಾಕುತ್ತಾರೆ. ಎರಡೂ ಇದ್ದರೆ ಕಳೆದು ನೋಡಿದರಾಯಿತು, ಎಷ್ಟು ಕಾಲ ಗಸಿಯ ಮೇಲಿತ್ತು ಅಂತ ಗೊತ್ತಾಗುತ್ತದೆ. ಎರಡು ವರ್ಷ ದಾಟಿದ್ದರೆ ನನಗೆ ಧೈರ್ಯ.

ಇನ್ನೊಂದು ಎರಡಕ್ಷರದ ಗುರುತು. ತುಂಬ ಸಣ್ಣದಾಗಿ ಇರುತ್ತದೆ, ಕನ್ನಡಕ ಬೇಕಾಗಬಹುದು. ಆರ್‌ಎಂ ಇದ್ದರೆ ತಾವೇ ಬೆಳೆದು ತಾವೇ ಮಾಡಿದವರದು. ಸಿಎಂ ಅಂದರೆ ರೈತರ ಸಹಕಾರಿ ಸಂಘದ್ದು. ಎನ್‌ಎಂ ಅಂದರೆ ದ್ರಾಕ್ಷಿ ಕೊಂಡು ಮಾಡುವವರು. ದೊಡ್ಡ ಮನೆತನಗಳೆಲ್ಲ ಸಾಮಾನ್ಯವಾಗಿ ಇದೇ. ಎಂಎ ಅಂದರೆ ಯಾರೋ ಮಾಡಿದ್ದಕ್ಕೆ ಅಂಗಡಿಯವರು ತಮ್ಮ ಹೆಸರು ಹಚ್ಚಿದ್ದು. ಇದರಲ್ಲಿ ಯಾವುದೂ ಗುಣಕ್ಕೆ ಗ್ಯಾರಂಟಿ ಅಲ್ಲ. ಆದರೆ ನನ್ನ ಬೆಲೆಯಲ್ಲಿ ಸಿಎಂ ಮತ್ತು ಆರ್‌ಎಂ ನನಗೆ ಹೆಚ್ಚು ಸಲ ಒಲಿದಿವೆ. ಜಾಹೀರಾತಿಗೆ ಹೋಗುವ ದುಡ್ಡು ಅಲ್ಲಿ ಕಡಿಮೆ ಅಂತ ನನ್ನ ಅಂದಾಜು.

ಸಿಹಿಯ ಲೆಕ್ಕದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಬ್ರುತ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂತ ಬರೆದಿರುವುದು ಅದಕ್ಕಿಂತ ಸಿಹಿ, 12ರಿಂದ 17 ಗ್ರಾಂ. ವೈನ್ ಮಾತಿನಲ್ಲಿ ಡ್ರೈ ಅಂದರೆ ಸಿಹಿ ಇಲ್ಲದ್ದು, ಹಾಗಾಗಿ ಹೆಸರು ಕೇಳಿದರೆ ಉಲ್ಟಾ ಅನ್ನಿಸುತ್ತದೆ, ಆದರೆ ನಿಜ. ಬ್ರುತ್ ನಾತ್ಯೂರ್‌ನಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಅಭ್ಯಾಸ ಇರುವವರಿಗೆ ಅದು ಇಷ್ಟ. ಮೊದಲ ಸಲ ಕುಡಿಯುವವರಿಗೆ ಕಷ್ಟ. ನಮ್ಮ ಮನೆಗೆ ಬರುವವರಲ್ಲಿ ಎರಡೂ ಥರದವರಿದ್ದಾರೆ. ಹಾಗಾಗಿ 7, 8 ಗ್ರಾಂ ಇರುವ ಬ್ರುತ್ ಹುಡುಕುತ್ತೇನೆ. ದ್ರಾಕ್ಷಿಯಲ್ಲಿ ಮ್ಯೂನಿಯೆ ಅನ್ನುವ ತಳಿ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಇನ್ನೊಂದು ತಳಿ ಶಾರ್ಡನೇಗೆ ಹೋಲಿಸಿದರೆ ಅದು ಬೇಗ ಹದಕ್ಕೆ ಬರುತ್ತದೆ, ಹಣ್ಣಿನ ರುಚಿ ಎದ್ದು ಕಾಣುತ್ತದೆ.

ಇಷ್ಟೆಲ್ಲ ಓದಿದರೂ ಕೊನೆಗೆ ನಾಲಿಗೆ ಹೇಳಬೇಕು. ಅದಕ್ಕೆ ಕಳೆದ ಸಲ ನವೆಂಬರ್‌ನಲ್ಲೇ ಬೇರೆ ಬೇರೆ ಐದು ಬಾಟಲಿ ತಂದು, ಒಂದೊಂದಕ್ಕೂ ನ್ಯೂಸ್‌ಪೇಪರ್ ಸುತ್ತಿ, ನಂಬರ್ ಬರೆದು ಇಟ್ಟೆ. ಪಕ್ಕದ ಮನೆಯವರು ಇಬ್ಬರು, ನಮ್ಮ ಕನ್ನಡ ಗುಂಪಿನ ಇಬ್ಬರು, ನಾನು, ನಮ್ಮ ಮನೆಯವರು. ಖರ್ಚನ್ನು ಎಲ್ಲರೂ ಹಂಚಿಕೊಂಡೆವು. ಕಾಗದ ಬಿಚ್ಚಿದಾಗ ಮೊದಲು ಬಂದದ್ದು 24 ಯೂರೋದ ಒಂದು ಸಹಕಾರಿ ಸಂಘದ ಬ್ರುತ್. ಎಲ್ಲಕ್ಕಿಂತ ದುಬಾರಿಯದು ಮೂರನೆಯದಾಯಿತು. ಮರುದಿನವೇ ಗೆದ್ದದ್ದನ್ನು ಏಳು ಬಾಟಲಿ ತಂದೆವು. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದವನ್ನು ಬಿಟ್ಟು ಪೆಟ್ಟಿಗೆಯಿಂದ ತೆಗೆಸಿಕೊಂಡೆ. ಬೆಳಕು ಬಿದ್ದರೆ ವೈನ್ ಕೆಡುತ್ತದೆ.

ಏಳು ಯಾಕೆ ಅಂದರೆ, ಕರೆದ 24 ಜನರಲ್ಲಿ ಕುಡಿಯುವವರು 16. ಒಬ್ಬರಿಗೆ ಎರಡು ಲೋಟ. ಒಂದು ಬಾಟಲಿಯಲ್ಲಿ ಆರು ಲೋಟ. ಆರು ಬಾಟಲಿ ಸಾಕು, ಒಂದು ಕೈಯಲ್ಲಿರಲಿ ಅಂತ. ಉಳಿದ ಎಂಟು ಜನಕ್ಕೆ ಅದೇ ಥರದ ಲೋಟದಲ್ಲಿ ಗುಳ್ಳೆ ಬರುವ ಸೇಬಿನ ರಸ. ಅತ್ತೆಯವರೂ ಅದನ್ನೇ ಹಿಡಿದು ಎಲ್ಲರ ಜೊತೆ ನಿಂತರು. ಕೀರ್, ಅಂದರೆ ಕಾಸೀಸ್ ಅನ್ನುವ ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯ ಬೆರೆಸಿದ ವೈನ್ ಬೇಕು ಅಂದವರಿಗೆ 9 ಯೂರೋದ ಕ್ರೇಮಾಂ ಇಟ್ಟಿದ್ದೆ. ಅದು ಫ್ರಾನ್ಸ್‌ನ ಬೇರೆ ಸೀಮೆಗಳ ಗುಳ್ಳೆ ವೈನ್. ಶಾಂಪೇನ್ ಹಾಗೆ ಅದನ್ನೂ ಬಾಟಲಿಯಲ್ಲೇ ಎರಡನೇ ಸಲ ಹುದುಗಿಸುತ್ತಾರೆ. ಕಾಸೀಸ್ ಬೆರೆಸುವ ಕಡೆ ಶಾಂಪೇನ್ ಸುರಿಯಲು ನನಗೆ ಮನಸ್ಸು ಬರುವುದಿಲ್ಲ.

ತಣ್ಣಗೆ ಮಾಡಲು ಬಕೆಟ್‌ನಲ್ಲಿ ಅರ್ಧ ಐಸು, ಅರ್ಧ ನೀರು. ಬರೀ ಐಸಿಗಿಂತ ನೀರು ಬಾಟಲಿಗೆ ಸುತ್ತಲೂ ತಾಕುತ್ತದೆ, ಅರ್ಧ ಗಂಟೆ ಸಾಕು. 8ರಿಂದ 10 ಡಿಗ್ರಿ ಇರಲಿ. ಅದಕ್ಕಿಂತ ತಣ್ಣಗಾದರೆ ರುಚಿಯೇ ಗೊತ್ತಾಗುವುದಿಲ್ಲ. ಲೋಟಗಳನ್ನು ಬಿಸಿನೀರಲ್ಲಿ ಚೆನ್ನಾಗಿ ಜಾಲಿಸಿ, ಏಕೆಂದರೆ ಸೋಪು ಉಳಿದರೆ ಗುಳ್ಳೆ ಬೇಗ ಸಾಯುತ್ತದೆ. ತೆರೆಯುವಾಗ ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಒಳಗಿನ ಒತ್ತಡ ಕಾರಿನ ಟೈರಿಗಿಂತ ಎರಡು ಪಟ್ಟು ಜಾಸ್ತಿ. ಮಕ್ಕಳಿರುವ ಮನೆಯಲ್ಲಿ ಬಿರಡೆ ಹಾರಿಸುವುದು ಬೇಡವೇ ಬೇಡ.

ತಿಂಡಿಯ ವಿಷಯ ನನಗೆ ಇನ್ನೂ ಖುಷಿ. ಎಣ್ಣೆಯಲ್ಲಿ ಕರಿದದ್ದು, ಉಪ್ಪು ಇರುವುದು, ಇವಕ್ಕೆ ಬ್ರುತ್ ಹೇಳಿ ಮಾಡಿಸಿದಂತಿದೆ. ಬಿಸಿ ಅಂಬೊಡೆ ಕಚ್ಚಿ ಒಂದು ಗುಟುಕು ಕುಡಿದರೆ ಹುಳಿ ಮತ್ತು ಗುಳ್ಳೆ ಎಣ್ಣೆಯ ಜಿಡ್ಡನ್ನು ತೊಳೆದುಬಿಡುತ್ತದೆ, ಮತ್ತೊಂದು ಅಂಬೊಡೆಗೆ ಕೈ ಹೋಗುತ್ತದೆ. ಗೋಡಂಬಿ ಪಕೋಡ, ಚಕ್ಕುಲಿ, ಇಲ್ಲಿನ ಕೋಂತೆ ಚೀಸ್, ಎಲ್ಲವೂ ಸೈ. ಖಾರದ ಕೋಡುಬಳೆ ಮಾತ್ರ ಹೊಂದಲಿಲ್ಲ. ಗುಳ್ಳೆ ಖಾರವನ್ನು ಕೆರಳಿಸುತ್ತದೆ. ಈಗ ಶಾಂಪೇನ್ ಇರುವ ದಿನದ ಮಟ್ಟಿಗೆ ಅಚ್ಚಖಾರದ ಪುಡಿ ಅರ್ಧಕ್ಕೆ ಇಳಿಸಿ ಜೀರಿಗೆ ಜಾಸ್ತಿ ಹಾಕುತ್ತೇನೆ. ಮೈಸೂರು ಪಾಕ್ ಜೊತೆ ಬ್ರುತ್ ಕೊಡಲೇಬೇಡಿ. ಸಿಹಿಯ ಮುಂದೆ ಅದು ಬರೀ ಹುಳಿ ಅನ್ನಿಸುತ್ತದೆ. ಸಿಹಿಗೆ ಅಂತಲೇ ಒಂದು ದೆಮಿ-ಸೆಕ್ ತನ್ನಿ, ಅದರಲ್ಲಿ ಲೀಟರಿಗೆ 32ರಿಂದ 50 ಗ್ರಾಂ ಸಕ್ಕರೆ ಇರುತ್ತದೆ.

ಕಳೆದ ಡಿಸೆಂಬರ್ 31ರ ರಾತ್ರಿ ಒಂದು ಲೋಟವೂ ಅರ್ಧಕ್ಕೆ ಉಳಿಯಲಿಲ್ಲ. ಹೊರಡುವಾಗ ಪಕ್ಕದ ಮನೆಯಾಕೆ ಬಾಟಲಿಯ ಹಿಂದಿನ ಚೀಟಿಯ ಫೋಟೋ ತೆಗೆದುಕೊಂಡರು. ಏಳನೆಯದು ತೆರೆಯಲೇ ಇಲ್ಲ. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ, ಟವೆಲ್ ಸುತ್ತಿ ಮಲಗಿಸಿದ್ದೇನೆ. ಯುಗಾದಿಗೆ ಮತ್ತೆ ಅಂಬೊಡೆ ಕರಿಯುವವಳಿದ್ದೇನೆ.