ವಿಸ್ಕಾನ್ಸಿನ್ ಗುಡ್ಡಗಳಲ್ಲಿ ಚಳಿಗಾಲದ ಜಿಂಕೆ ಜಾಡು: ನಾನು ಹಕ್ಕೆ ಹುಡುಕುವ ಬಗೆ

ವಿಸ್ಕಾನ್ಸಿನ್‌ನಲ್ಲಿ ಬಿಳಿಬಾಲದ ಜಿಂಕೆಯ ಬಿಲ್ಲುಬೇಟೆ ಸೆಪ್ಟೆಂಬರ್ ನಡುವೆ ಶುರುವಾಗಿ ಜನವರಿಯಲ್ಲಿ ಮುಗಿಯುತ್ತದೆ. ಅಲ್ಲಿಂದ ಏಪ್ರಿಲ್‌ನಲ್ಲಿ ಚಿಗುರು ಒಡೆಯುವವರೆಗೆ ಕಾಡು ಬೋಳಾಗಿರುತ್ತದೆ. ಎಲೆ ಇಲ್ಲ, ಸೊಳ್ಳೆ ಇಲ್ಲ, ನಮ್ಮ ಸದ್ದಿಗೆ ಜಿಂಕೆ ಎದ್ದು ಓಡಿದರೂ ಬೇಟೆಗೆ ಇನ್ನೂ ತಿಂಗಳುಗಟ್ಟಲೆ ಸಮಯವಿದೆ. ಜಿಂಕೆ ಎಲ್ಲಿ ಮಲಗುತ್ತದೆ (ಆ ಮಲಗುವ ಜಾಗವೇ ಹಕ್ಕೆ), ಎಲ್ಲಿಂದ ಎದ್ದು ಎತ್ತ ಹೋಗುತ್ತದೆ ಎಂದು ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಹಿಮದ ಮೇಲೆ ಕಂಡದ್ದನ್ನೆಲ್ಲ ನವೆಂಬರ್‌ನ ಲೆಕ್ಕಕ್ಕೆ ಹಿಡಿದರೆ ಕೆಲಸ ಕೆಟ್ಟಂತೆಯೇ. ಹಿಮ ತೋರಿಸುವುದು ಇವತ್ತಿನ ಜಿಂಕೆಯನ್ನು. ಬೇಟೆಗಾಲದ ಜಿಂಕೆಯ ಸುಳಿವು ಹಿಮದಡಿಯ ನೆಲದಲ್ಲಿರುತ್ತದೆ. ಹಾಗಾಗಿ ಒಂದೇ ಗುಡ್ಡವನ್ನು ನಾನು ಎರಡು ಸಲ ನಡೆಯುತ್ತೇನೆ: ಹಿಮ ಇರುವಾಗ ಒಮ್ಮೆ, ಹಿಮ ಕರಗಿ ಹಸಿರು ಏಳುವ ಮುಂಚೆ ಇನ್ನೊಮ್ಮೆ. ಒಂದಕ್ಕೇ ಬಿಡುವು ಸಿಗುವುದಾದರೆ ಎರಡನೆಯದನ್ನೇ ಆರಿಸಿಕೊಳ್ಳಿ.

ನಾನು ಹೇಳುತ್ತಿರುವುದು ರಾಜ್ಯದ ನೈಋತ್ಯ ಮೂಲೆಯ ಡ್ರಿಫ್ಟ್‌ಲೆಸ್ ಪ್ರದೇಶದ ಮಾತು. ಹಿಮಯುಗದ ಕೊನೆಯ ಹಿಮನದಿಗಳು ಈ ಕಡೆ ಹಾಯಲಿಲ್ಲ, ಹಾಗಾಗಿ ನೆಲ ಚಪ್ಪಟೆಯಾಗದೆ ಕಡಿದಾದ ಏಣುಗಳು (ಗುಡ್ಡದ ಉದ್ದನೆಯ ಬೆನ್ನುಗಳು), ಕವಲೊಡೆದ ಕಣಿವೆಗಳು ಉಳಿದುಕೊಂಡಿವೆ. ನೆತ್ತಿಯ ಮೇಲೆ ಮೆಕ್ಕೆಜೋಳ, ಸೋಯಾ ಹೊಲಗಳು; ಇಳಿಜಾರಿನಲ್ಲಿ ಓಕ್, ಹಿಕರಿ, ವಾಲ್‌ನಟ್; ಅಂಚಿನಲ್ಲಿ ಮುಳ್ಳುಪೊದೆ. ಲಾ ಫಾರ್ಜ್ ಬಳಿಯ ಕಿಕಾಪೂ ವ್ಯಾಲಿ ರಿಸರ್ವ್‌ನಂಥ ಸಾರ್ವಜನಿಕ ಜಾಗಗಳಿರುವುದರಿಂದ ಜಮೀನುದಾರರ ಪರಿಚಯ ಇಲ್ಲದವರಿಗೂ ಇಲ್ಲಿ ಅವಕಾಶವಿದೆ. ಖಾಸಗಿ ಜಮೀನಿಗೆ ಮಾತ್ರ ಹಿಮದ ಮೇಲೆ ಹೆಜ್ಜೆ ನೋಡಿಕೊಂಡು ಹೋಗುವುದಕ್ಕೂ ಮಾಲೀಕರ ಒಪ್ಪಿಗೆ ಬೇಕು.

ಮೊದಲ ಕೆಲಸ ಮನೆಯಲ್ಲೇ ಆಗುತ್ತದೆ. ಆನ್‌ಎಕ್ಸ್‌ನಂಥ ಆ್ಯಪ್‌ನಲ್ಲಿ ಎತ್ತರದ ಗೆರೆಗಳ ನಕ್ಷೆ ತೆರೆದು, ಲೈಡಾರ್ ನೆರಳುಚಿತ್ರ (ಲೇಸರ್‌ನಿಂದ ಅಳೆದ ನೆಲದ ಉಬ್ಬುತಗ್ಗಿನ ಚಿತ್ರ) ಸಿಗುವ ಕಡೆ ಅದನ್ನೂ ನೋಡುತ್ತೇನೆ. ಹುಡುಕುವುದು ಮುಖ್ಯ ಏಣಿನಿಂದ ಕಣಿವೆಯ ಕಡೆ ಮೂಗಿನಂತೆ ಚಾಚಿದ ಕವಲುಗಳನ್ನು. ಇಲ್ಲಿ ಶರತ್ಕಾಲದ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ ಬೀಸುತ್ತದೆ. ಆದ್ದರಿಂದ ಪೂರ್ವ, ಆಗ್ನೇಯಕ್ಕೆ ಮುಖ ಮಾಡಿದ ಮೂಗುಗಳಿಗೆ ಮೊದಲ ಗುರುತು. ನೆತ್ತಿಯಿಂದ ಇಳಿಜಾರಿನ ಮೂರನೇ ಒಂದು ಭಾಗದಷ್ಟು ಕೆಳಗೆ ಸಣ್ಣ ಸಮತಟ್ಟು, ಹಳೆಯ ಮರಸಾಗಣೆ ದಾರಿಯ ಗುರುತು ಏನಾದರೂ ಕಂಡರೆ ಇನ್ನೂ ಒಳ್ಳೆಯದು. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡೇ ಹೊರಡಬೇಕು, ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ, ಫೋನ್ ಇರಬೇಕಾದದ್ದು ಒಳಗಿನ ಜೇಬಿನಲ್ಲಿ.

ಹಿಮದ ನಡಿಗೆಗೆ ಎರಡು ಮೂರು ಇಂಚು ಹೊಸ ಹಿಮ ಬಿದ್ದು ಒಂದು ಪೂರ್ತಿ ರಾತ್ರಿ ಕಳೆದಿರಬೇಕು. ಆಗ ಕಾಣುವ ಹೆಜ್ಜೆಯೆಲ್ಲ ಯಾವಾಗಿನದು ಎಂಬ ಅನುಮಾನವೇ ಉಳಿಯುವುದಿಲ್ಲ. ವಾರಗಟ್ಟಲೆ ಹಳೆಯ ಹಿಮದ ಮೇಲೆ ನಾಲ್ಕು ಜಿಂಕೆ ಓಡಾಡಿದರೂ ನಲವತ್ತು ಓಡಾಡಿದಂತೆ ಕಾಣುತ್ತದೆ. ಬಿಸಿಲಿಗೆ ಕರಗಿ ಅಗಲವಾದ ಗೊರಸಿನ ಗುರುತು ಇನ್ನೊಂದು ಮೋಸ: ಮಧ್ಯಾಹ್ನ ಮೂವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಸಾಕು, ಹೆಣ್ಣಿನ ಹೆಜ್ಜೆ ದೊಡ್ಡ ಗಂಡಿನದರಷ್ಟಾಗುತ್ತದೆ. ಅಳೆಯುವುದಾದರೆ ಮರದ ನೆರಳಿನಲ್ಲಿ ಗಟ್ಟಿಯಾಗಿ ಉಳಿದ ಗುರುತನ್ನೇ ಅಳೆಯಬೇಕು. ಹಿಂದಿನ ಸಣ್ಣ ಗೊರಸು ಮೂಡಿದೆಯೆಂದು ಗಂಡು ಎಂದು ತೀರ್ಮಾನಿಸುವವರಿದ್ದಾರೆ. ಮೆತ್ತನೆ ಹಿಮದಲ್ಲಿ ಹೆಣ್ಣಿನದೂ ಮೂಡುತ್ತದೆ. ಒಂದು ಇಂಚಿಗಿಂತ ತೆಳು ಹಿಮದಲ್ಲಿ ಕಾಲು ಎಳೆದ ಗೆರೆ ಕಂಡರೆ ಗಂಡಿರಬಹುದು; ಹಿಮ ದಪ್ಪವಾದರೆ ಎಲ್ಲವೂ ಕಾಲೆಳೆಯುತ್ತವೆ, ಆ ಗುರುತಿಗೆ ಅರ್ಥವಿಲ್ಲ.

ಜನವರಿ, ಫೆಬ್ರವರಿಯಲ್ಲಿ ಹಕ್ಕೆಗಳು ಸಿಗುವುದು ಹೆಚ್ಚಾಗಿ ದಕ್ಷಿಣದ ಬಿಸಿಲುಮಗ್ಗುಲಲ್ಲಿ, ಕೆಂಪು ಸೀಡರ್ ಮರಗಳ ಅಡಿ, ಜೋಳದ ಕೂಳೆ ಹೊಲಕ್ಕೆ ಹತ್ತಿರ. ಬಿಸಿಲು, ಗಾಳಿಮರೆ, ಮೇವು ಈ ಮೂರೇ ಆಗ ಜಿಂಕೆಗೆ ಬೇಕಾದದ್ದು. ಬೇಸಿಗೆಯಲ್ಲಿ ಬೇರೆ ಬೇರೆ ಇದ್ದ ಗುಂಪುಗಳು ಮೇವಿದ್ದ ಕಡೆ ಒಟ್ಟುಗೂಡುವುದರಿಂದ ಒಂದೇ ಇಳಿಜಾರಿನಲ್ಲಿ ಹತ್ತಾರು ಹಕ್ಕೆ ಕಾಣಬಹುದು. ನೋಡಿ ಹಿಗ್ಗಬೇಡಿ. ಅಕ್ಟೋಬರ್‌ನಲ್ಲಿ ಅದೇ ಜಾಗ ಬರಿದಾಗಿರುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಹಿಮದಲ್ಲಿ ಕಲಿಯುವುದೇನು? ಹಕ್ಕೆಯನ್ನು ಓದುವುದು. ಜಿಂಕೆ ಮಲಗಿದ ಕುಳಿ ಮೊಟ್ಟೆಯಾಕಾರದಲ್ಲಿರುತ್ತದೆ. ಅಗಲವಾದ ತುದಿ ಹಿಂಭಾಗದ್ದು, ಮುಂಭಾಗದಲ್ಲಿ ಮಡಿಸಿದ ಮೊಣಕಾಲಿನ ಎರಡು ಗುಳಿ. ಹೀಗೆ ನೋಡಿದರೆ ಅದು ಯಾವ ಕಡೆ ಮುಖ ಮಾಡಿ ಮಲಗಿತ್ತೆಂದು ತಿಳಿಯುತ್ತದೆ. ಟೇಪು ಹಿಡಿದು ಅಳೆಯಿರಿ. ದೊಡ್ಡ ಹೆಣ್ಣಿನ ಹಕ್ಕೆ ಸುಮಾರು 40 ಇಂಚಿನೊಳಗೆ, ಬಲಿತ ಗಂಡಿನದು 45 ಇಂಚು ಅಥವಾ ಹೆಚ್ಚು. ದೊಡ್ಡದೊಂದು, ಪಕ್ಕದಲ್ಲಿ ಚಿಕ್ಕವೆರಡು ಇದ್ದರೆ ತಾಯಿ ಮರಿ. ತಳದಲ್ಲಿ ಹಿಮ ಕರಗಿ ಮತ್ತೆ ಗಾಜಿನಂತೆ ಹೆಪ್ಪುಗಟ್ಟಿದ್ದರೆ ಗಂಟೆಗಟ್ಟಲೆ ಮಲಗಿತ್ತೆಂದು ಅರ್ಥ. ಬರೀ ಒತ್ತಿಹೋಗಿದ್ದರೆ ಸ್ವಲ್ಪ ಹೊತ್ತು ಕೂತು ಎದ್ದದ್ದು, ಮೆಲುಕು ಹಾಕಲು ರಾತ್ರಿ ಹೊಲದಂಚಿನಲ್ಲಿ ಮಲಗುವ ಹಕ್ಕೆಗಳು ಹೀಗಿರುತ್ತವೆ. ಅಲ್ಲಿ ಹಗಲು ಕಾದು ಕೂತು ಪ್ರಯೋಜನವಿಲ್ಲ.

ಮೇವಿನ ಗುರುತನ್ನು ಬೇಗ ಹೇಳಿ ಮುಗಿಸುತ್ತೇನೆ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕಡ್ಡಿಯನ್ನು ಹಿಡಿದು ಕೀಳುತ್ತದೆ, ತುದಿ ನಾರುನಾರಾಗಿ ಉಳಿಯುತ್ತದೆ. ಚಾಕುವಿನಿಂದ ಓರೆಯಾಗಿ ಕೊಯ್ದಂತಿದ್ದರೆ ಅದು ಮೊಲದ ಕೆಲಸ.

ಉತ್ತರದ ಕೌಂಟಿಗಳಲ್ಲಿರುವವರಿಗೆ ಒಂದು ಮಾತು. ಅಲ್ಲಿ ಹಿಮ ಒಂದೂವರೆ ಅಡಿ ತಲುಪುವ ಹೊತ್ತಿಗೆ ಜಿಂಕೆಗಳು ಬಿಳಿ ಸೀಡರ್, ಹೆಮ್ಲಾಕ್ ದಟ್ಟವಾಗಿರುವ ತಗ್ಗುಗಳಿಗೆ ಇಳಿದು ತುಳಿದ ದಾರಿಗಳಲ್ಲೇ ದಿನ ದೂಡುತ್ತವೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಚಳಿಗಾಲದ ಕಠಿಣತೆಯನ್ನು ಬಹುಕಾಲ ಅಳೆದದ್ದು ಹೀಗೆ: ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ ನೆಲದ ಮೇಲೆ 18 ಇಂಚು ಹಿಮವಿದ್ದ ಪ್ರತಿ ದಿನಕ್ಕೆ ಒಂದು ಅಂಕ, ಸೊನ್ನೆ ಫ್ಯಾರನ್‌ಹೀಟ್ ಅಥವಾ ಕೆಳಗಿಳಿದ ಪ್ರತಿ ದಿನಕ್ಕೆ ಇನ್ನೊಂದು. ಒಟ್ಟು 50ರೊಳಗಿದ್ದರೆ ಸೌಮ್ಯ ಚಳಿಗಾಲ, 100 ದಾಟಿದರೆ ತೀರಾ ಕಠಿಣ. ಅಂಥ ವರ್ಷ ಜಿಂಕೆ ಬದುಕುವುದು ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ. ಎದೆಮಟ್ಟ ಹಿಮದಲ್ಲಿ ಒಮ್ಮೆ ಓಡಿಸಿದರೂ ಆ ಕೊಬ್ಬು ಕರಗುತ್ತದೆ. ಆ ಸೀಡರ್ ತಗ್ಗುಗಳೊಳಗೆ ಕಾಲಿಡಬೇಡಿ. ಅಲ್ಲಿ ಕಲಿಯುವುದೂ ಕಡಿಮೆ, ಬೇಟೆಗಾಲದಲ್ಲಿ ಆ ಜಿಂಕೆಗಳು ಎಷ್ಟೋ ಮೈಲಿ ಆಚೆ ಇರುತ್ತವೆ.

ಇನ್ನು ಎರಡನೆಯ ನಡಿಗೆ. ಡ್ರಿಫ್ಟ್‌ಲೆಸ್‌ನಲ್ಲಿ ಇದರ ಹೊತ್ತು ಹೆಚ್ಚುಕಡಿಮೆ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಹಿಮದಡಿ ಮುಚ್ಚಿಟ್ಟ ನವೆಂಬರ್‌ನ ನೆಲ ಈಗ ಹಾಗೇ ತೆರೆದುಕೊಳ್ಳುತ್ತದೆ. ಗಂಡು ಜಿಂಕೆಯ ಶರತ್ಕಾಲದ ಹಕ್ಕೆ ಒಂಟಿಯಾಗಿರುತ್ತದೆ. ಬಿದ್ದ ಮರದ ಬೊಡ್ಡೆ, ಬಂಡೆ, ಮಗುಚಿದ ಬೇರುಗಡ್ಡೆಗೆ ಬೆನ್ನು ಕೊಟ್ಟಿರುತ್ತದೆ. ಅಕ್ಕಪಕ್ಕದ ಎಲೆ ಗರಿಗರಿಯಾಗಿ ಎದ್ದಿದ್ದರೆ ಹಕ್ಕೆಯ ಎಲೆ ಪುಡಿಯಾಗಿ ಮಣ್ಣಿಗೆ ಅಂಟಿರುತ್ತದೆ, ಪದೇ ಪದೇ ಬಳಸಿದ್ದಾದರೆ ಬರೀ ಮಣ್ಣೇ ಕಾಣುತ್ತದೆ. ಮೊಣಕಾಲೂರಿ ಮೇಲಿನ ಎಲೆ ಸರಿಸಿ ನೋಡಿ. ಒರಟಾದ, ಸ್ವಲ್ಪ ಅಲೆಅಲೆಯಾದ ಕೂದಲು ಸಿಗುತ್ತದೆ. ಚಳಿಗಾಲದ ತುಪ್ಪಳದ ಕೂದಲು ಒಳಗೆ ಟೊಳ್ಳು, ಬೆರಳಲ್ಲಿ ಮಡಿಸಿದರೆ ಕೊಳವೆಯಂತೆ ಮುರಿದು ಮಡಿಕೆ ಹಾಗೇ ನಿಲ್ಲುತ್ತದೆ. ಕೂದಲು ಸಿಗದಿದ್ದರೆ ಹಕ್ಕೆಯಲ್ಲ ಎಂದಲ್ಲ, ಸಿಕ್ಕರೆ ಅನುಮಾನ ಬೇಡ.

ಆಮೇಲೆ ಆ ಹಕ್ಕೆಯಲ್ಲೇ ಕೂತುಕೊಳ್ಳಬೇಕು. ನಿಂತು ನೋಡುವುದಕ್ಕೂ ಜಿಂಕೆಯ ಕಣ್ಣಿನ ಮಟ್ಟದಿಂದ ನೋಡುವುದಕ್ಕೂ ಅಜಗಜಾಂತರ. ಕೆಳಗಿನ ಕಣಿವೆಯ ಕಾಲುದಾರಿ, ಗಾಡಿ ನಿಲ್ಲಿಸುವ ಜಾಗ ಅಲ್ಲಿಂದ ಕಾಣುತ್ತದೆಯೇ ಎಂದು ನೋಡಿ. ಎಷ್ಟೋ ಹಕ್ಕೆಗಳಿಂದ ನಾವು ಕಾರಿನಿಂದ ಇಳಿಯುವುದೇ ಕಾಣುತ್ತದೆ. ಬೆನ್ನ ಹಿಂದಿನಿಂದ, ನೆತ್ತಿಯ ಮೇಲಿಂದ ಬರುವುದನ್ನು ಮೂಗು ನೋಡಿಕೊಳ್ಳುತ್ತದೆ, ಮುಂದಿನದನ್ನು ಕಣ್ಣು. ಗಾಳಿಮರೆಯ ಇಳಿಜಾರಿನ ಮೇಲ್ಭಾಗವನ್ನು ಗಂಡು ಆರಿಸಿಕೊಳ್ಳುವ ಮುಖ್ಯ ಕಾರಣ ಇದು. ಜೊತೆಗೆ ಬಿಸಿಲೇರಿದಂತೆ ಕಣಿವೆಯ ಗಾಳಿ ಕಾದು ಮೇಲಕ್ಕೆ ಹರಿಯುತ್ತದೆ, ಕೆಳಗಿನ ವಾಸನೆಯನ್ನೂ ಹೊತ್ತು ತರುತ್ತದೆ. ಸಂಜೆ ನೆರಳು ಬಿದ್ದ ಕೂಡಲೇ ಅದು ತಿರುಗಿ ಕೆಳಮುಖವಾಗುತ್ತದೆ. ಇದನ್ನು ಕಣ್ಣಿಂದ ನೋಡಲು ಮಿಲ್ಕ್‌ವೀಡ್ ಹತ್ತಿಯಷ್ಟು ಒಳ್ಳೆಯದು ಬೇರೆ ಇಲ್ಲ. ನಮ್ಮ ಎಕ್ಕದ ಬಳಗದ್ದೇ ಗಿಡ, ಎಕ್ಕದ ಕಾಯಿಯ ಹತ್ತಿಯಂತೆಯೇ ಹಗುರ. ಅಕ್ಟೋಬರ್‌ನಲ್ಲಿ ಕಾಯಿ ಕಿತ್ತು ಡಬ್ಬಿಯಲ್ಲಿಟ್ಟುಕೊಂಡರೆ ವರ್ಷಪೂರ್ತಿ ಬರುತ್ತದೆ. ಒಂದೊಂದೇ ಎಳೆ ಬಿಟ್ಟು ನೂರು ಗಜದವರೆಗೆ ಕಣ್ಣಿಂದ ಹಿಂಬಾಲಿಸಬಹುದು. ಈ ಪರೀಕ್ಷೆಯನ್ನು ಹಿಮದ ಮೇಲೆ ಮಾಡಿ ನಂಬಬೇಡಿ. ಬಿಳಿ ನೆಲ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಏರುಗಾಳಿ ದುರ್ಬಲವಾಗಿರುತ್ತದೆ.

ಹಕ್ಕೆಯಿಂದ ಹೊರಡುವ ದಾರಿಯಲ್ಲಿ ಕೊಂಬು ಉಜ್ಜಿದ ಮರಗಳು ಸಿಗುತ್ತವೆ. ಕಳೆದ ಶರತ್ಕಾಲದ್ದಾದರೆ ಬಯಲಾದ ಮರ ಮಾಸಿದ ಕಿತ್ತಳೆ ಬಣ್ಣದಲ್ಲಿದ್ದು ತೊಗಟೆಯ ಎಳೆಗಳು ಒಣಗಿ ಸುರುಳಿಯಾಗಿರುತ್ತವೆ. ಅದಕ್ಕೂ ಹಿಂದಿನದ್ದಾದರೆ ಬೂದು ಬಣ್ಣ, ಗಾಯದ ಅಂಚಿನಲ್ಲಿ ಮರ ಉಬ್ಬಿ ಮುಚ್ಚಿಕೊಳ್ಳುತ್ತಿರುತ್ತದೆ. ಒಂದೇ ಕಾಂಡದ ಮೇಲೆ ಹಳೆಯ ಬೂದು ಗಾಯ, ಅದರ ಮೇಲೆ ಹೊಸ ಉಜ್ಜು, ಎರಡೂ ಇದ್ದರೆ ಆ ಜಾಗಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ವರ್ಷದಿಂದ ವರ್ಷಕ್ಕೆ ಗಂಡು ಅಲ್ಲಿಗೇ ಬರುತ್ತಿದೆ ಎಂದಾಯಿತು. ಉಜ್ಜಿದ ಮಗ್ಗುಲು ಸಾಮಾನ್ಯವಾಗಿ ಜಿಂಕೆ ಬಂದ ದಿಕ್ಕಿಗೆ ಮುಖ ಮಾಡಿರುತ್ತದೆ. ಸಾಲಾಗಿ ಹಕ್ಕೆಯ ಕಡೆ ಮುಖ ಮಾಡಿದ್ದರೆ ಸಂಜೆ ಹೊರಡುವ ದಾರಿ, ಹೊಲದ ಕಡೆ ಇದ್ದರೆ ಬೆಳಗ್ಗೆ ಮರಳುವ ದಾರಿ. ಗೊರಸಿನಿಂದ ಕೆರೆದ ಗುರುತುಗಳು ಹೊಲದಂಚಿನಲ್ಲಿ ಎಷ್ಟಿದ್ದರೂ ನನಗೆ ಅಷ್ಟು ಮುಖ್ಯವಲ್ಲ, ಅಲ್ಲಿಗೆ ಜಿಂಕೆ ಬರುವುದು ಹೆಚ್ಚಾಗಿ ಕತ್ತಲಲ್ಲಿ. ದಟ್ಟ ಪೊದೆಯೊಳಗೆ, ಹಕ್ಕೆಗೆ ಹತ್ತಿರ, ಮುರಿದ ಕೊಂಬೆಯಡಿ ಒಂದೇ ಒಂದು ಇದ್ದರೂ ಅದು ಬೇರೆ ಮಾತು.

ದಾರಿಯ ವಿಷಯದಲ್ಲೂ ಹೀಗೆಯೇ. ಕೆಸರು ತುಳಿದು ಆಳವಾದ ದಾರಿ ಹೆಣ್ಣು, ಮರಿಗಳದ್ದು. ಗಂಡಿನ ದಾರಿ ಮಸುಕಾಗಿ ಅದಕ್ಕೆ ಸಮಾನಾಂತರವಾಗಿ, ಗಾಳಿ ಹೋಗುವ ಕಡೆ ಸ್ವಲ್ಪ ಕೆಳಗೆ ಸಾಗುತ್ತದೆ. ಹಾಗೆಂದು ಹೆಣ್ಣುಗಳ ಹಕ್ಕೆಗಳನ್ನು ಬಿಟ್ಟುಬಿಡಬೇಡಿ. ನವೆಂಬರ್ ಮೊದಲೆರಡು ವಾರ ಬೆದೆ ಏರಿದಾಗ ಗಂಡು ತನ್ನ ಹಕ್ಕೆ ಮರೆತು ಹೆಣ್ಣುಗಳ ಹಕ್ಕೆಯಿಂದ ಗಾಳಿ ಹೋಗುವ ಕಡೆಯಲ್ಲಿ ಮೂಗೆತ್ತಿ ನಡೆಯುತ್ತದೆ. ಒಂಟಿ ಹಕ್ಕೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ಗೆ. ಹೆಣ್ಣುಗಳ ಒಂದು ಹಕ್ಕೆಗೂ ಇನ್ನೊಂದು ಹಕ್ಕೆಗೂ ನಡುವಿನ ಕಂಡಿ ನವೆಂಬರ್‌ಗೆ. ನಕ್ಷೆಯಲ್ಲಿ ಇವೆರಡಕ್ಕೆ ಬೇರೆ ಬೇರೆ ಬಣ್ಣ ಹಾಕುತ್ತೇನೆ.

ಈ ನಡಿಗೆಯಲ್ಲಿ ಉದುರಿದ ಕೊಂಬೂ ಸಿಗಬಹುದು. ಬಿಳಿಬಾಲದ ಗಂಡುಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಂಬು ಉದುರಿಸುತ್ತವೆ. ನಮ್ಮ ಬಂಡೀಪುರದ ಚುಕ್ಕಿ ಜಿಂಕೆಗಳಲ್ಲಿ ಹೀಗೆ ಒಂದೇ ಕಾಲ ಎಂಬುದಿಲ್ಲ, ಯಾವ ತಿಂಗಳಲ್ಲೂ ಬಲಿತ ಕೊಂಬಿನ ಗಂಡು ಕಾಣಸಿಗುತ್ತದೆ. ಕೊಂಬು ಸಿಕ್ಕರೆ ಆ ಗಂಡು ಬೇಟೆಗಾಲ ದಾಟಿ ಬದುಕಿದೆ ಎಂದಷ್ಟೇ ಹೇಳಬಹುದು, ಅಕ್ಟೋಬರ್‌ನಲ್ಲಿ ಎಲ್ಲಿರುತ್ತದೆ ಎಂದಲ್ಲ. ಊರಿನಿಂದ ಹೊಸದಾಗಿ ಬಂದವರಿಗೆ: ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಬೇಟೆಯೂ ಅಪರಾಧ, ಕೊಂಬು ಇಟ್ಟುಕೊಳ್ಳುವುದೂ ಅಪರಾಧ, ಇಲ್ಲಿ ಸಿಕ್ಕ ಕೊಂಬನ್ನು ಅಲ್ಲಿಗೆ ಉಡುಗೊರೆ ಒಯ್ಯುವ ಯೋಚನೆ ಬೇಡ. ಇಲ್ಲಿಯೂ ತಲೆಬುರುಡೆಗೆ ಅಂಟಿದ ಕೊಂಬಾದರೆ ಇಲಾಖೆಯ ವಾರ್ಡನ್‌ಗೆ ತಿಳಿಸಿ ಅನುಮತಿ ಪಡೆಯಬೇಕು. ಸತ್ತ ಜಿಂಕೆ ಕಂಡರೆ ಮುಟ್ಟದೆ ತಿಳಿಸಿ. ಜಿಂಕೆಗಳ ಮಿದುಳು ಸವೆಸುವ ಸಿಡಬ್ಲ್ಯುಡಿ ರೋಗ ಈ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾದದ್ದು ಇದೇ ದಕ್ಷಿಣ ಭಾಗದಲ್ಲಿ.

ಉಪಕರಣ ಹೆಚ್ಚು ಬೇಡ. ಟೇಪು, ದಿಕ್ಸೂಚಿ, ಉಣ್ಣೆಯ ಒಳಬಟ್ಟೆ, ಬೂಟಿಗೆ ಕಟ್ಟುವ ಮುಳ್ಳು. ಹತ್ತಿಬಟ್ಟೆ ಬೆವರು ಹೀರಿ ತಣ್ಣಗೆ ಮೈಗಂಟುತ್ತದೆ, ಅದು ಬೇಡವೇ ಬೇಡ. ಜೊಂಡಿನ ಜೌಗಿನಲ್ಲಿ ನಡೆಯುವುದಾದರೆ ಮುಂದೆ ಕಬ್ಬಿಣದ ಹಾರೆಯಿಂದ ಕುಟ್ಟಿ ನೋಡುತ್ತ ಹೋಗಬೇಕು: ಹಿಮ ಹೊದ್ದ ಜಾಗ, ಬೀವರ್ ಕಾಲುವೆ, ಮಸ್ಕ್‌ರ‍್ಯಾಟ್ ಗೂಡಿನ ಸುತ್ತ ಮಂಜುಗಡ್ಡೆ ತೆಳುವಾಗಿರುತ್ತದೆ. ಮಾರ್ಚ್ ಬಂತೆಂದರೆ ಉಣ್ಣಿಯ ಕಾಟ. 40 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಬಲಿತ ಜಿಂಕೆ ಉಣ್ಣಿಗಳು ಹುಲ್ಲಿನ ತುದಿಯಲ್ಲಿ ಕಾಯುತ್ತಿರುತ್ತವೆ, ಅವು ಹರಡುವ ಲೈಮ್ ರೋಗ ಇಲ್ಲಿ ಸಾಮಾನ್ಯ. ಪ್ಯಾಂಟಿಗೆ ಹಿಂದಿನ ದಿನವೇ ಉಣ್ಣಿ ಕೊಲ್ಲುವ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿ, ಕಾಲುಚೀಲದೊಳಗೆ ತೂರಿಸಿಕೊಳ್ಳಿ.

ಪ್ರತಿ ಹಕ್ಕೆಗೆ ನಾನು ಬರೆದಿಡುವುದು ನಾಲ್ಕು ವಿವರ: ಉದ್ದ, ಮುಖ ಮಾಡಿದ ದಿಕ್ಕು, ಯಾವ ಗಾಳಿಗೆ ಅದು ಸುರಕ್ಷಿತ, ಹೊರಡುವ ದಾರಿ. ಅಲ್ಲಿಂದಲೇ ಹಿಂದಕ್ಕೆ ನಡೆದು ನಾನು ಕೂರುವ ಮರವನ್ನು ಗೊತ್ತುಮಾಡುತ್ತೇನೆ. ಹಕ್ಕೆಯಿಂದ 80ರಿಂದ 100 ಗಜ, ಹೊರಡುವ ದಾರಿಗೆ 20 ಗಜದೊಳಗೆ, ಹತ್ತುವಾಗ ಹಕ್ಕೆಗೆ ಕಾಣದಂತೆ ಗುಡ್ಡದ ಉಬ್ಬು ಅಡ್ಡವಿರಬೇಕು. ಕಾರಿನಿಂದ ಆ ಮರದವರೆಗೆ ನನ್ನ ವಾಸನೆ ಗಾಳಿಯಲ್ಲಿ ಹಕ್ಕೆಯತ್ತ ಹೋಗದ ದಾರಿ ಸಿಗದಿದ್ದರೆ ಹಕ್ಕೆ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಿಂದ ಹೊಡೆದುಹಾಕುತ್ತೇನೆ. ರಾಜ್ಯದ ಜಾಗದಲ್ಲಿ ಕೊಂಬೆ ಕಡಿದು ಬಾಣಕ್ಕೆ ದಾರಿ ಬಿಡಿಸುವಂತಿಲ್ಲ, ಆದ್ದರಿಂದ ಕಂಡಿ ಇರುವ ಮರವನ್ನೇ ಆರಿಸಬೇಕು. ಬೋಳು ಮರಗಳ ನಡುವೆ ಈಗ ಕಾಣುವ ಕಂಡಿ ಸೆಪ್ಟೆಂಬರ್‌ನಲ್ಲಿ ಎಲೆ ತುಂಬಿ ಮುಚ್ಚಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಪ್ರತಿ ಹಕ್ಕೆಗೂ ಇನ್ನೊಂದು ಮರವನ್ನು ಗುರುತು ಹಾಕಿಕೊಂಡೇ ಇಳಿಯುತ್ತೇನೆ.