ಹವಳದ ತೊಟ್ಟಿಗೆ 12 ವೋಲ್ಟ್ ಫ್ಯಾನ್: ಜೋಡಣೆ, ವೈರಿಂಗ್ ಮತ್ತು ಪಾಲಿಸಬೇಕಾದ ಎಚ್ಚರಿಕೆ

ಹವಳಗಳನ್ನು ಸಾಕುವ ಉಪ್ಪುನೀರಿನ ತೊಟ್ಟಿಯಲ್ಲಿ ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗೆ ಇರುವುದು ಕ್ಷೇಮ. ಅದು 30 ಡಿಗ್ರಿ ದಾಟಿ ಕೆಲವು ದಿನ ಹಾಗೆಯೇ ಉಳಿದರೆ, ಹವಳಗಳು ತಮ್ಮ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಹುಬ್ಬಳ್ಳಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 37 ಡಿಗ್ರಿಯ ಆಸುಪಾಸಿನ ಬಿಸಿಲು ಸಾಮಾನ್ಯ. ಪಂಪು ಮತ್ತು ದೀಪಗಳ ಶಾಖವೂ ಸೇರಿದಾಗ ತೊಟ್ಟಿಯ ನೀರು ಬಿಸಿಯಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನೀರನ್ನು ತಂಪಾಗಿಸುವ ಯಂತ್ರವಾದ ಚಿಲ್ಲರ್ ದುಬಾರಿಯಾದದ್ದು, ಅದರ ವಿದ್ಯುತ್ ಖರ್ಚೂ ಹೆಚ್ಚು. ಸಣ್ಣ ಮತ್ತು ಮಧ್ಯಮ ಗಾತ್ರದ ತೊಟ್ಟಿಗೆ, ನಮ್ಮ ಸೀಮೆಯ ಮಟ್ಟಿಗೆ, ಕಂಪ್ಯೂಟರಿನ ಫ್ಯಾನ್ ಒಂದೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣ ನಮ್ಮ ಒಣಹವೆ. ಫ್ಯಾನ್ ತಣ್ಣನೆಯ ಗಾಳಿಯನ್ನೇನೂ ತರುವುದಿಲ್ಲ. ಅದು ನೀರನ್ನು ಆವಿಯಾಗಿಸುತ್ತದೆ, ಆವಿಯಾಗುವ ನೀರು ಉಳಿದ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಬೇಕು, 100 ಲೀಟರ್ ನೀರನ್ನು ಒಂದು ಡಿಗ್ರಿ ತಂಪಾಗಿಸಲು ತೆಗೆಯಬೇಕಾದ ಶಾಖ ಸುಮಾರು 420 ಕಿಲೋಜೂಲ್ ಮಾತ್ರ. ಆದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆಗಿಂತ ಕೆಳಗೆ ಯಾವ ಫ್ಯಾನೂ ನೀರನ್ನು ಇಳಿಸಲಾರದು. ಗಾಳಿ 37 ಡಿಗ್ರಿ ಇದ್ದು ಆರ್ದ್ರತೆ ಶೇಕಡಾ 25 ಇದ್ದಾಗ ಆ ಮಿತಿ 22 ಡಿಗ್ರಿಯ ಹತ್ತಿರ ಇರುತ್ತದೆ. ಕರಾವಳಿಯಂತೆ 33 ಡಿಗ್ರಿ ಮತ್ತು ಶೇಕಡಾ 70 ಆರ್ದ್ರತೆ ಇದ್ದರೆ ಅದು 28ಕ್ಕೆ ಏರುತ್ತದೆ. ಸಮುದ್ರದ ದಂಡೆಯಲ್ಲಿ ಸೋಲುವ ಈ ಉಪಾಯ ಧಾರವಾಡ, ಗದಗಗಳಲ್ಲಿ ಗೆಲ್ಲುವುದು ಇದೇ ಕಾರಣಕ್ಕೆ.

ಬೇಕಾದ ಸಾಮಾನುಗಳು ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತವೆ: 120 ಮಿಲಿಮೀಟರಿನ 12 ವೋಲ್ಟ್ ಡಿಸಿ ಫ್ಯಾನ್, 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್, ಅದಕ್ಕೆ ಹೊಂದುವ ಡಿಸಿ ಸಾಕೆಟ್, 1 ಆಂಪಿಯರ್ ಫ್ಯೂಸ್ ಮತ್ತು ಅದರ ಹೋಲ್ಡರ್, ಡಬ್ಲ್ಯೂ1209 ಎಂಬ ಉಷ್ಣತಾ ನಿಯಂತ್ರಕ ಬೋರ್ಡ್, ವೈರ್ ಮತ್ತು ಹೀಟ್ ಶ್ರಿಂಕ್ ಸ್ಲೀವ್ (ಕಾಯಿಸಿದರೆ ಕುಗ್ಗಿ ಜೋಡಣೆಯನ್ನು ಬಿಗಿಯಾಗಿ ಮುಚ್ಚುವ ಕೊಳವೆ). 230 ವೋಲ್ಟಿನ ಫ್ಯಾನನ್ನು ತೊಟ್ಟಿಯ ಮೇಲೆ ಎಂದಿಗೂ ಕಟ್ಟಬಾರದು. ಉಪ್ಪುನೀರು ಸಿಹಿನೀರಿಗಿಂತ ಬಹುಪಟ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ, ಮತ್ತು ನಾವು ದಿನವೂ ಕೈ ಹಾಕುವುದು ಆ ನೀರಿನಲ್ಲೇ.

ಮೊದಲು ಅಡಾಪ್ಟರನ್ನು ಮಾತ್ರ ಪ್ಲಗ್‌ಗೆ ಹಾಕಿ, ಪಿನ್ನಿನ ಒಳಭಾಗ ಪಾಸಿಟಿವ್ ಹೌದೋ ಅಲ್ಲವೋ ಎಂಬುದನ್ನು ಮಲ್ಟಿಮೀಟರಿನಿಂದ ನೋಡಿ, ನಂತರ ಪ್ಲಗ್ ತೆಗೆದು ಕೆಲಸ ಆರಂಭಿಸಿ. ಸಾಕೆಟ್ಟಿನ ಪಾಸಿಟಿವ್ ವೈರ್ ನೇರವಾಗಿ ಫ್ಯೂಸಿಗೆ ಹೋಗಲಿ. ಫ್ಯೂಸಿನಿಂದ ಹೊರಬರುವ ವೈರನ್ನು ಎರಡು ಕವಲು ಮಾಡಿ, ಒಂದನ್ನು ಬೋರ್ಡಿನ +12ವಿ ತುದಿಗೂ ಇನ್ನೊಂದನ್ನು ಕೆ0 ತುದಿಗೂ ಜೋಡಿಸಿ. ಕೆ1 ತುದಿಯಿಂದ ಫ್ಯಾನಿನ ಕೆಂಪು ವೈರಿಗೆ ಸಂಪರ್ಕ ಕೊಡಿ. ಫ್ಯಾನಿನ ಕಪ್ಪು ವೈರ್ ಮತ್ತು ಸಾಕೆಟ್ಟಿನ ನೆಗೆಟಿವ್ ವೈರ್ ಎರಡೂ ಜಿಎನ್‌ಡಿ ತುದಿಗೆ ಬರಬೇಕು. ಕೆ0 ಮತ್ತು ಕೆ1 ರಿಲೇಯ, ಎಂದರೆ ಬೋರ್ಡ್ ತಾನೇ ಹಾಕಿ ತೆಗೆಯುವ ಸ್ವಿಚ್ಚಿನ, ಬರಿಯ ತುದಿಗಳು. ಅವು ತಾವಾಗಿ ವಿದ್ಯುತ್ ಕೊಡುವುದಿಲ್ಲ. ಕೆ0ಗೆ ಕವಲು ವೈರ್ ಕೊಡದಿದ್ದರೆ ರಿಲೇ ಟಕ್ಕೆಂದರೂ ಫ್ಯಾನ್ ತಿರುಗುವುದಿಲ್ಲ. ಫ್ಯಾನಿನಲ್ಲಿರುವ ಮೂರನೆಯ ಹಳದಿ ವೈರ್ ವೇಗವನ್ನು ತಿಳಿಸಲು ಇರುವಂಥದ್ದು, ಅದರ ತುದಿಯನ್ನು ಸ್ಲೀವಿನಿಂದ ಮುಚ್ಚಿಬಿಡಿ. ಪ್ರತಿ ಜೋಡಣೆಗೂ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಏರಿಸಬೇಕು. ವೈರುಗಳನ್ನು ಸುಮ್ಮನೆ ಹೊಸೆದು ಟೇಪ್ ಸುತ್ತಿದ ಜಾಗಕ್ಕೆ ಉಪ್ಪಿನ ತೇವ ಸುಲಭವಾಗಿ ನುಗ್ಗುತ್ತದೆ.

ಬೋರ್ಡಿನ ಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ಪಿ0 ಕಾಣಿಸುತ್ತದೆ. ಅದನ್ನು ತಂಪಾಗಿಸುವ ಸಿ ಸ್ಥಿತಿಗೆ ಇಡಿ. ಪಿ1ರಲ್ಲಿ ಫ್ಯಾನ್ ಹತ್ತುವ ಮತ್ತು ನಿಲ್ಲುವ ಉಷ್ಣತೆಗಳ ವ್ಯತ್ಯಾಸವನ್ನು 1 ಡಿಗ್ರಿಗೆ, ಮುಖ್ಯ ಉಷ್ಣತೆಯನ್ನು 27 ಡಿಗ್ರಿಗೆ ಹೊಂದಿಸಿ. ತೊಟ್ಟಿಗೆ ಒಯ್ಯುವ ಮೊದಲು ಬೋರ್ಡಿನ ಪ್ರೋಬನ್ನು (ಉಷ್ಣತೆ ಅಳೆಯುವ ವೈರಿನ ತುದಿಯನ್ನು) ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಅದ್ದಿ, ನಿಧಾನವಾಗಿ ತಣ್ಣೀರು, ಆಮೇಲೆ ಬಿಸಿನೀರು ಸೇರಿಸುತ್ತ ರಿಲೇ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಬೇರೊಂದು ಥರ್ಮಾಮೀಟರಿನೊಂದಿಗೆ ಹೋಲಿಸಿ ನೋಡಿ. ಹೀಟರ್ ಇರುವವರು ಅದನ್ನು 25 ಡಿಗ್ರಿಗೆ ಇಟ್ಟುಕೊಳ್ಳಬೇಕು. ಅಂಕಿಗಳು ಹತ್ತಿರ ಬಂದರೆ ಹೀಟರ್ ಕಾಯಿಸುವುದನ್ನು ಫ್ಯಾನ್ ಆರಿಸುತ್ತ ಎರಡೂ ವ್ಯರ್ಥವಾಗಿ ಓಡುತ್ತವೆ. ಪ್ರೋಬಿನ ಲೋಹದ ತುದಿ ಉಪ್ಪಿಗೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ಅದನ್ನು ತಳ ಮುಚ್ಚಿದ ಗಾಜಿನ ಪರೀಕ್ಷಾ ನಳಿಗೆಯಲ್ಲಿಟ್ಟು, ಬಾಯಿಯನ್ನು ಅಕ್ವೇರಿಯಂ ಸಿಲಿಕೋನಿನಿಂದ ಮುಚ್ಚಿ, ನೀರಿನಿಂದ ಮೇಲೇಳದಂತೆ ಬಿಗಿಯಾಗಿ ಕ್ಲಿಪ್ ಹಾಕಿ.

ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ, ಪಂಪಿನ ಹನಿಗಳು ಸಿಡಿಯದ ಕಡೆ, ಅಕ್ರಿಲಿಕ್ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಕೇಬಲ್ ಟೈಗಳಿಂದ ಎರಡು ಕಡೆ ಕಟ್ಟಿ. ಒಂದು ಹರಿದರೆ ಇನ್ನೊಂದು ಹಿಡಿದಿರಲಿ. ಹಿತ್ತಾಳೆಯ ಸ್ಕ್ರೂ, ತಾಮ್ರದ ತಂತಿಯ ತುಂಡು ನೀರಿನ ಮೇಲೆ ಎಲ್ಲಿಯೂ ಬೇಡ, ಏಕೆಂದರೆ ಹಿತ್ತಾಳೆಯಲ್ಲೂ ಇರುವ ತಾಮ್ರ ಹವಳಗಳಿಗೂ ಸೀಗಡಿಗಳಿಗೂ ವಿಷ. ಗಾಜಿನ ಮುಚ್ಚಳ ತೆಗೆದು ಬಲೆಯ ಮುಚ್ಚಳ ಹಾಕಿದರೆ ಆವಿಯೂ ಹೋಗುತ್ತದೆ, ಮೀನುಗಳೂ ಜಿಗಿಯುವುದಿಲ್ಲ. ಅಡಾಪ್ಟರ್ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಎತ್ತರದಲ್ಲಿರಲಿ, ಅದರ ವೈರ್ ಮೊದಲು ಕೆಳಗೆ ಇಳಿದು ಆಮೇಲೆ ಮೇಲೇರಿ ಸಾಕೆಟ್ ಸೇರಲಿ. ವೈರಿನ ಗುಂಟ ಹರಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಪಂಪು, ಹೀಟರ್ ಮತ್ತು ಅಡಾಪ್ಟರ್ ಮೂರೂ 30 ಮಿಲಿಆಂಪಿಯರ್ ಆರ್‌ಸಿಸಿಬಿಯ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚಿನ) ಹಿಂದೆ ಇರಬೇಕೆಂಬುದನ್ನು ನಾನು ಒತ್ತಿ ಹೇಳುತ್ತೇನೆ. ಆ ವ್ಯವಸ್ಥೆ ಇಲ್ಲದ ಮನೆಯಲ್ಲಿ ಅದನ್ನು ಎಲೆಕ್ಟ್ರಿಷಿಯನ್ನಿಂದ ಮೊದಲು ಹಾಕಿಸಿ, ಫ್ಯಾನಿನ ಮಾತು ನಂತರ.

ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ನೀರಿನ ಮಟ್ಟ ಎಷ್ಟು ಇಳಿದಿದೆಯೋ ಅಷ್ಟು ಆರ್‌ಓ ನೀರನ್ನು, ಉಪ್ಪು ಬೆರೆಸದೆ, ದಿನವೂ ತುಂಬಬೇಕು. ಬೋರ್‌ವೆಲ್ ನೀರು ಬೇಡ. ಅದರಲ್ಲಿರುವ ಲವಣಗಳು ತುಂಬಿದಷ್ಟೂ ಕೂಡುತ್ತ ಹೋಗುತ್ತವೆ. ಮಟ್ಟ ಗುರುತಿಸಲು ಗಾಜಿನ ಮೇಲೊಂದು ಗೆರೆ ಎಳೆದು, ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ ಇದೆಯೇ ಎಂಬುದನ್ನು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಿಂದ ಆಗಾಗ ನೋಡಿ.

ಕರೆಂಟು ಹೋದಾಗ ಮೊದಲ ಅಪಾಯ ಆಮ್ಲಜನಕದ ಕೊರತೆಯದು, ಬಿಸಿಯದಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಸಿದ್ಧವಿರಲಿ. ಇಂಟರ್ನೆಟ್ ರೌಟರಿಗೆ ಬಳಸುವ 12 ವೋಲ್ಟಿನ ಸಣ್ಣ ಯುಪಿಎಸ್ ಈ ಫ್ಯಾನನ್ನೂ ಬೋರ್ಡನ್ನೂ ನಡೆಸಬಲ್ಲದು. ಇನ್ವರ್ಟರ್ ಬ್ಯಾಟರಿಗೆ ಮಾತ್ರ ನೇರವಾಗಿ ಜೋಡಿಸಬೇಡಿ, ಚಾರ್ಜ್ ಆಗುವಾಗ ಅದರ ವೋಲ್ಟೇಜ್ 14ನ್ನು ದಾಟುತ್ತದೆ. ಇನ್ನು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಫ್ಯಾನಿನ ರೆಕ್ಕೆ ಮತ್ತು ಜೋಡಣೆಗಳ ಮೇಲೆ ಕಟ್ಟಿದ ಬಿಳಿಯ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಕರಕರ ಸದ್ದು ಬರುವ ಫ್ಯಾನನ್ನು ಎಣ್ಣೆ ಹಾಕಿ ಓಡಿಸದೆ ಬದಲಿಸಿ, ಆ ಎಣ್ಣೆ ನೀರಿಗೆ ಬೀಳಬಾರದು.