ಪಕ್ಕದ ಮನೆಯ ಮೀಟರ್

ಅರಸೀಕೆರೆಯಲ್ಲಿ ಬೆಳೆದವನಿಗೆ ನೀರಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮೊಬೈಲ್ ಹೋಮ್ ಪಾರ್ಕಿನಲ್ಲಿ ನಮ್ಮದು ನಾಲ್ಕು ಜನರ ಸಂಸಾರ. ನೀರಿನ ಬಿಲ್ ತಿಂಗಳಿಗೆ ಮೂವತ್ತು ಡಾಲರ್ ಆಸುಪಾಸು. ಗೆಳೆಯರ ಮನೆಗಳಲ್ಲಿ ಇದರ ಎರಡರಷ್ಟು ಬರುತ್ತದೆ ಎಂದು ಕೇಳಿದಾಗಲೆಲ್ಲ ಬಕೆಟ್ ಸ್ನಾನದ ಮಹಿಮೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ.

ಮೊಬೈಲ್ ಹೋಮ್ ಎಂದರೆ ಚಕ್ರದ ಮೇಲೆ ಓಡಾಡುವ ಮನೆಯೆಂದು ಊರಿನಲ್ಲಿ ಎಲ್ಲರೂ ತಿಳಿದಿದ್ದಾರೆ. ಕಾರ್ಖಾನೆಯಿಂದ ಬಂದು ಒಮ್ಮೆ ಕೂತ ಮೇಲೆ ಅದು ಅಲ್ಲಾಡುವುದು ಅಪರೂಪ. ಮನೆ ನಮ್ಮದು, ಅದು ಕೂತ ನೆಲ ಪಾರ್ಕಿನ ಮಾಲೀಕರದು; ನೆಲಕ್ಕೆ ಬಾಡಿಗೆ ಕಟ್ಟುತ್ತೇವೆ. ಸ್ಯಾನ್ ಹೋಸೆ ಒಂದರಲ್ಲೇ ಇಂಥ ಪಾರ್ಕುಗಳು ಐವತ್ತಕ್ಕೂ ಹೆಚ್ಚಿವೆ. ನಮ್ಮಲ್ಲಿ ನೀರು ಸರಬರಾಜು ಸಂಸ್ಥೆಯ ಸಂಬಂಧ ಗೇಟಿನ ಬಳಿಯ ದೊಡ್ಡ ಮೀಟರಿಗೆ ಮುಗಿಯುತ್ತದೆ. ಒಳಗೆ ಪ್ರತಿ ಮನೆಗೂ ಪಾರ್ಕಿನವರದೇ ಸಬ್‌ಮೀಟರ್, ಪಾರ್ಕಿನವರದೇ ಬಿಲ್. ತಕರಾರಿದೆಯೆಂದು ಸಂಸ್ಥೆಗೆ ಫೋನ್ ಮಾಡಿದರೆ ನಿಮ್ಮ ಹೆಸರೇ ಅವರ ಪುಸ್ತಕದಲ್ಲಿರುವುದಿಲ್ಲ. ಇದನ್ನು ನಾನು ಇಪ್ಪತ್ತು ನಿಮಿಷ ಫೋನ್ ಹಿಡಿದು ಕಾದ ಮೇಲೆ ಕಲಿತೆ.

ಫೋನ್ ಮಾಡುವ ಪ್ರಸಂಗ ಬಂದದ್ದು ಹೀಗೆ. ಒಂದು ವರ್ಷ ಡಿಸೆಂಬರ್ ಪೂರ್ತಿ ಊರಿಗೆ ಹೋಗಿದ್ದೆವು. ಹೊರಡುವಾಗ ಮನೆಯ ಮುಖ್ಯ ವಾಲ್ವನ್ನು ನಾನೇ ಬಂದ್ ಮಾಡಿದ್ದೆ. ವಾಪಸು ಬಂದು ನೋಡಿದರೆ ಆ ತಿಂಗಳಿಗೂ ಅದೇ ಮೂವತ್ತು ಡಾಲರ್! ಬಿಲ್ಲಿನಲ್ಲಿ ‘ನೀರು’ ಎಂಬ ಒಂದು ಸಾಲು, ‘ಸೇವಾ ಶುಲ್ಕ’ ಎಂಬ ಎಂಟು ಡಾಲರಿನ ಇನ್ನೊಂದು ಸಾಲು, ರೀಡಿಂಗ್ ಇಲ್ಲ. ಕಚೇರಿಯಲ್ಲಿ ಕೇಳಿದರೆ ‘ಎಲ್ಲರಿಗೂ ಹೀಗೇ ಬರುತ್ತದೆ’ ಎಂದರು.

ಆಗ ಕಾನೂನು ಓದಲು ಕೂತೆ. ಕ್ಯಾಲಿಫೋರ್ನಿಯಾದಲ್ಲಿ ಮೊಬೈಲ್ ಹೋಮ್ ನಿವಾಸಿಗಳಿಗೆಂದೇ ಒಂದು ಕಾನೂನಿದೆ. ಸಿವಿಲ್ ಸಂಹಿತೆಯ 798.40ನೇ ಕಲಂ ಪ್ರಕಾರ ಸಬ್‌ಮೀಟರ್ ಇರುವ ಕಡೆ ಪ್ರತಿ ಬಿಲ್ಲಿನಲ್ಲೂ ಆರಂಭದ ರೀಡಿಂಗ್, ಕೊನೆಯ ರೀಡಿಂಗ್ ಎರಡೂ ಇರಬೇಕು. ಸರಬರಾಜು ಸಂಸ್ಥೆಯ ದರಪಟ್ಟಿ ಅಥವಾ ಅದು ಸಿಗುವ ಜಾಲತಾಣದ ವಿಳಾಸವನ್ನು ಎಲ್ಲರಿಗೂ ಕಾಣುವ ಕಡೆ ಹಾಕಿರಬೇಕು. 2022ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ನೀರಿನ ಬಿಲ್ ಮಾಡಿಕೊಟ್ಟದ್ದಕ್ಕೆ ವಿಧಿಸುವ ಶುಲ್ಕಕ್ಕೂ ಕಡಿವಾಣ ಹಾಕಿದೆ: ಬಳಕೆಯ ಮೊತ್ತದ ಶೇಕಡಾ 25 ಅಥವಾ 4.75 ಡಾಲರ್ (ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಸ್ವಲ್ಪ ಏರಬಹುದು), ಎರಡರಲ್ಲಿ ಯಾವುದು ಕಡಿಮೆಯೋ ಅದು. ಎಂಟು ಡಾಲರ್ ಎಲ್ಲಿ, ಇದೆಲ್ಲಿ! ಪತ್ರ ಬರೆದೆ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಿಗದ ಉತ್ತರ ಕಲಮಿನ ಸಂಖ್ಯೆ ನಮೂದಿಸಿದ ಪತ್ರಕ್ಕೆ ಹತ್ತೇ ದಿನದಲ್ಲಿ ಬಂತು.

ರೀಡಿಂಗ್‌ಗಳನ್ನು ನೋಡಿದರೆ ನಾವಿಲ್ಲದ ತಿಂಗಳು ಎರಡು ಯೂನಿಟ್ ಓಡಿದೆ. ಯೂನಿಟ್ ಎಂದರೆ ನೂರು ಘನ ಅಡಿ, 748 ಗ್ಯಾಲನ್. ನಮ್ಮ ಲೆಕ್ಕದಲ್ಲಿ ಸುಮಾರು 2,830 ಲೀಟರ್. ನೆಲದೊಳಗೆ ಪೈಪ್ ಸೋರುತ್ತಿರಬೇಕು ಎಂದು ಎದೆ ಧಸಕ್ಕೆಂದಿತು. ಮೀಟರಿನಿಂದ ಮನೆಯ ತನಕ ನೀರು ಸೋರಿದರೆ ರಿಪೇರಿ ಯಾರ ತಲೆಗೆ ಎಂಬುದು ಬೇರೆಯದೇ ಜಗಳ.

ಮರುದಿನ ಬೆಳಿಗ್ಗೆ ವಾಲ್ವ್ ಬಂದ್ ಮಾಡಿ, ನಮ್ಮ ಸ್ಪೇಸಿನ, ಅಂದರೆ ಮನೆ ಕೂತ ಜಾಗದ, ಸಂಖ್ಯೆ ಬರೆದಿದ್ದ ಮೀಟರಿನ ಮುಚ್ಚಳ ತೆಗೆದು ಕುಕ್ಕರುಗಾಲಿನಲ್ಲಿ ಕೂತೆ. ಮೀಟರಿನ ಮುಖದ ಮೇಲೆ ತ್ರಿಕೋನಾಕಾರದ ಸಣ್ಣ ಮುಳ್ಳು ಇರುತ್ತದೆ. ಸಣ್ಣ ಹರಿವಿಗೂ ಅದು ತಿರುಗುತ್ತದೆ. ಅದು ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ಮತ್ತೆ ತಿರುಗಿತು. ಸೋರುವ ಪೈಪು ಹೀಗೆ ನಿಂತು ನಿಂತು ಸೋರುವುದಿಲ್ಲ. ತಲೆ ಎತ್ತಿ ನೋಡಿದರೆ ಪಕ್ಕದ ಮನೆಯ ಅಜ್ಜಿ ಪುದೀನ ಪಾತಿಗೆ ನೀರು ಬಿಡುತ್ತಿದ್ದರು. ವಿಯೆಟ್ನಾಂ ಮೂಲದವರು, ಒಂಟಿ ಜೀವ. ನಮ್ಮ ಮಕ್ಕಳು ಅವರನ್ನು ಅಜ್ಜಿ ಎಂದೇ ಕರೆಯುತ್ತಾರೆ. ಅವರು ಪೈಪಿನ ಬಾಯಿ ಮುಚ್ಚಿದಾಗ ಮುಳ್ಳು ನಿಲ್ಲುತ್ತಿತ್ತು.

ನಮ್ಮ ವಾಲ್ವ್ ತೆರೆದು, ಹೆಂಡತಿಗೆ ಅಡುಗೆಮನೆಯ ನಲ್ಲಿ ಬಿಡಲು ಹೇಳಿ ಅಜ್ಜಿಯ ಸಂಖ್ಯೆಯಿದ್ದ ಮೀಟರಿನತ್ತ ಓಡಿದೆ. ಅದು ಗಿರ್ರನೆ ತಿರುಗುತ್ತಿತ್ತು.

ಅಂದರೆ ಎರಡು ಮುಚ್ಚಳಗಳ ಮೇಲಿನ ಸಂಖ್ಯೆ ಅದಲುಬದಲಾಗಿತ್ತು. ಹದಿನಾಲ್ಕು ತಿಂಗಳು ಅಜ್ಜಿಯ ನೀರಿಗೆ ನಾನು, ನನ್ನ ಸಂಸಾರದ ನೀರಿಗೆ ಅವರು ಹಣ ಕಟ್ಟಿದ್ದೆವು. ನನ್ನ ಬಕೆಟ್ ಸ್ನಾನದ ಮಿತವ್ಯಯವೆಲ್ಲ ಅಜ್ಜಿಯದು! ಮೋಸ ಹೋದವನೆಂದು ಹಲ್ಲು ಕಡಿಯುತ್ತಿದ್ದವನಿಗೆ ಎದ್ದು ನಿಲ್ಲಲೂ ನಾಚಿಕೆಯಾಯಿತು. ಸುಮ್ಮನೆ ಮುಚ್ಚಳ ಮುಚ್ಚಿಬಿಡಬಹುದಿತ್ತು, ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಅಜ್ಜಿಯ ಬಾಗಿಲು ತಟ್ಟಿದ್ದು ಆ ದಿನ ಸಂಜೆಗೆ. ಅವರು ಬಿಲ್ಲುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ಎಲ್ಲವೂ ಎಪ್ಪತ್ತರ ಹತ್ತಿರ, ಡಿಸೆಂಬರಿನದು ಮಾತ್ರ ಹದಿನಾಲ್ಕು. ಕ್ರಿಸ್‌ಮಸ್ ರಿಯಾಯಿತಿ ಇರಬೇಕು ಎಂದುಕೊಂಡಿದ್ದರಂತೆ.

ಪಾರ್ಕಿನವರು ಮೊದಲು ಒಪ್ಪಲಿಲ್ಲ. ದಿನಾಂಕ, ಸಮಯ ಬರೆದು ಎರಡೂ ಮೀಟರುಗಳ ಫೋಟೋ ಇಟ್ಟು ನಾವಿಬ್ಬರೂ ಸಹಿ ಮಾಡಿ ಮತ್ತೊಂದು ಪತ್ರ ಕೊಟ್ಟೆವು. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ತೂಕ ಮತ್ತು ಅಳತೆ ಇಲಾಖೆಗೆ ಪ್ರತಿ ಕಳುಹಿಸುತ್ತೇವೆ ಎಂದೂ ಬರೆದೆವು. ಸಬ್‌ಮೀಟರುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವವರು ಅವರೇ. ನೀರಿನ ಮೀಟರಿಗೆ ಹತ್ತು ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಬೇಕು. ಆ ವಾರವೇ ಸಂಖ್ಯೆಗಳು ಸರಿಯಾದವು. ಬಿಲ್ಲಿನಲ್ಲಿ ರೀಡಿಂಗ್ ಬಂತು, ಹೆಚ್ಚುವರಿ ಸೇವಾ ಶುಲ್ಕ ಸುಮಾರು ನಲವತ್ತು ಡಾಲರ್ ವಾಪಸಾಯಿತು. ಆದರೆ ಅದಲುಬದಲಾದ ಹಣವನ್ನು ನೀವು ನೀವೇ ಸರಿಮಾಡಿಕೊಳ್ಳಿ ಎಂದರು. ತಪ್ಪು ಅವರದು, ನಿಜ. ನೀರು ಕುಡಿದವರು ನಾವು.

ಡಿಸೆಂಬರನ್ನು ಬಿಟ್ಟು ಲೆಕ್ಕ ಹಾಕಿದರೆ ಐನೂರ ಇಪ್ಪತ್ತು ಡಾಲರ್. ಚೆಕ್ ಬರೆದು ಕೊಟ್ಟೆ. ಅಜ್ಜಿ ಬೇಡ ಎನ್ನುತ್ತಾರೇನೋ ಎಂಬ ದುರಾಸೆ ಒಂದು ಕ್ಷಣ ಇತ್ತು. ಅವರು ಕನ್ನಡಕ ಹಾಕಿಕೊಂಡು ಮೊತ್ತವನ್ನು ನನ್ನ ಲೆಕ್ಕದ ಹಾಳೆಯೊಂದಿಗೆ ತಾಳೆ ನೋಡಿ, ಡಿಸೆಂಬರಿನ ಹದಿನಾರು ಡಾಲರನ್ನು ತಾನು ಕೊಡಬೇಕಲ್ಲವೇ ಎಂದು ಪರ್ಸಿನಿಂದ ಎಣಿಸಿ ನನ್ನ ಕೈಗಿಟ್ಟರು.

ಈಗ ತಿಂಗಳ ಮೊದಲ ಬೆಳಿಗ್ಗೆ ಅವರೇ ಟಾರ್ಚ್ ಹಿಡಿದು ಎರಡೂ ಮೀಟರ್ ಓದುತ್ತಾರೆ. ನಮ್ಮದು ಒಂಬತ್ತು ಯೂನಿಟ್ ದಾಟಿದರೆ ಬೇಲಿಯಾಚೆಯಿಂದ ನನ್ನನ್ನು ಕೂಗಿ ಕರೆಯುತ್ತಾರೆ.